ಬಿಸಿಲಿನಲ್ಲಿ ಕಂಡ ಮಂಜು

ಆಳಂದದಿಂದ ಜೇವರ್ಗಿಗೆ ವರ್ಗವಾಗಿ ಬಂದ ವರ್ಷ ನನಗೆ ಜೋಡಿಯಾಗಿ ಸಿಕ್ಕ ಡ್ರೈವರ್ ಅಫಜಲಪುರದವರು. ಐವತ್ತನಾಲ್ಕು ವಯಸ್ಸು, ಬಿಳಿ ಗಡ್ಡ, ಬೇಸಿಗೆಯಲ್ಲೂ ಖಾಕಿ ಅಂಗಿಯ ಕುತ್ತಿಗೆಯ ಗುಂಡಿ ಬಿಚ್ಚದ ಮನುಷ್ಯ. ಡಿಪೋದಲ್ಲಿ ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಹೆಂಗಸು ಕಂಡಕ್ಟರ್ ಎಂದರೆ ಮುಖ ತಿರುಗಿಸುವ ಡ್ರೈವರುಗಳನ್ನು ನಾನು ಸಾಕಷ್ಟು ನೋಡಿದ್ದೆ. ಇವರು ಮೊದಲ ದಿನವೇ ಸ್ಟಿಯರಿಂಗ್ ಒರೆಸುತ್ತ ಹೇಳಿದ್ದರು: "ನೋಡು ಬೇಟಿ, ಗಾಡ್ಯಾಗ ನೀನೇ ಮಾಲಕಿ. ನೀ ಹೋಲ್ಡಾನ್ ಅಂದ್ರ ನಿಲ್ಲಸ್ತೇನಿ, ರೈಟ್ ಅಂದ್ರ ಬಿಡ್ತೇನಿ. ಮುಂದಿನ ಗಾಜಿನ ಆಚಿ ಕಡಿ ಮಾತ್ರ ನಂದು."

ಎರಡು ವರ್ಷ ಆ ಮಾತು ತಪ್ಪಲಿಲ್ಲ. ನಾನು ಹೋಲ್ಡಾನ್ ಎಂದ ಮೇಲೆ ಅವರ ಬಸ್ಸು ಹತ್ತು ಮಾರು ಮುಂದೆ ಹೋಗಿ ನಿಂತದ್ದಿಲ್ಲ. ತಪ್ಪಿದ್ದು ಒಂದೇ ಸಲ.

ಅದಕ್ಕೆ ಮೂರು ತಿಂಗಳ ಹಿಂದೆ ಬಸ್ ನಿಲ್ದಾಣದಲ್ಲಿ ಒಂದು ಆರೋಗ್ಯ ಶಿಬಿರ ನಡೆದಿತ್ತು. ಟ್ರಿಪ್ಪಿಗೆ ಅರ್ಧ ಗಂಟೆ ಸಮಯವಿತ್ತು. "ಪುಕ್ಕಟೆ ಅದ, ಬರ್ರಿ ಚಾಚಾ" ಎಂದು ನಾನೇ ಎಳೆದುಕೊಂಡು ಹೋದೆ. ನರ್ಸ್ ಅವರ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು, ಮುಳ್ಳು ನೋಡಿದರು, ಮತ್ತೆ ನೋಡಿದರು. ಬಿ.ಪಿ. ನೂರ ಎಂಬತ್ತಾರು, ನೂರ ಹನ್ನೆರಡು.

"ಚಾ ಕುಡದೀರೇನ್ರಿ? ತಂಬಾಕ ಹಾಕೀರೇನು?"

"ಚಾ ಈಗ ಕುಡದೆ."

"ತಲಿ ನೋವು, ಕಣ್ಣು ಮಸುಕು, ಎದಿ ಹಿಡಿಯೋದು, ದಮ್ಮು ಹತ್ತೋದು, ಕೈಕಾಲು ಜೋಮು, ಮಾತು ತೊದಲೋದು, ಏನರ ಅದನು?"

"ಏನೂ ಇಲ್ಲ. ನಾ ಗಟ್ಟಿ ಅದೇನಿ."

ನರ್ಸ್ ಅವರನ್ನು ಕಾಲು ಊರಿ, ಬೆನ್ನು ಒರಗಿಸಿ, ಮಾತಾಡದೆ ಕೂಡಲು ಹೇಳಿದರು. ಕಾಲು ಗಂಟೆ ಬಿಟ್ಟು ಮತ್ತೆ ನೋಡಿದಾಗ ನೂರ ಎಪ್ಪತ್ತೆಂಟಕ್ಕೆ ಇಳಿದಿತ್ತು, ಅಷ್ಟೇ. "ಇವತ್ತ ಸಂಜಿಯೊಳಗ ಡಾಕ್ಟರಿಗೆ ತೋರಿಸ್ರಿ, ಗುಳಿಗಿ ಚಾಲೂ ಮಾಡ್ರಿ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು, ನಾನು ಅವರ ಮಗಳೆಂದುಕೊಂಡಿದ್ದರೋ ಏನೋ. "ಈಗ ಹೇಳಿದೆನಲ್ಲ, ಅದರಾಗ ಒಂದು ಕಂಡ್ರೂ ಸಂಜಿ ತನಕ ಕಾಯಬ್ಯಾಡ್ರಿ. ನಿಂತ ಕಾಲಿನ ಮ್ಯಾಲ ದವಾಖಾನಿಗೆ ಒಯ್ರಿ."

ಚಾಚಾ ಅದೇ ಸಂಜೆ ಡಾಕ್ಟರಿಗೆ ತೋರಿಸಿದರು. ಗುಳಿಗೆ ಶುರುವಾಯಿತು. ಅವರ ಹೆಂಡತಿ ಅಫಜಲಪುರದಿಂದ ವಾರಕ್ಕೊಮ್ಮೆ ಏಳು ಖಾನೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಗುಳಿಗೆ ತುಂಬಿ ಕಳಿಸುತ್ತಿದ್ದರು. ಆ ದಿನಗಳಲ್ಲಿ ಬಸ್ಸು ನೆಲೋಗಿ ದಾಟಿದ ಮೇಲೆ ಒಂದು ಬೇವಿನ ಮರದ ಹತ್ತಿರ ತಪ್ಪದೆ ನಿಲ್ಲುತ್ತಿತ್ತು. ಗುಳಿಗೆಯಿಂದ ಅವರಿಗೆ ಮೇಲಿಂದ ಮೇಲೆ ಮೂತ್ರಕ್ಕೆ ಹೋಗಬೇಕಾಗುತ್ತಿತ್ತು. ಬಸ್ಸಿನ ತುಂಬ ಹೆಂಗಸರು, ಕಾಲೇಜು ಹುಡುಗಿಯರು. ಅವರೆಲ್ಲರ ಮುಂದೆ ಇಳಿದು ಮರದ ಹಿಂದೆ ಹೋಗಿ ಬರುವಾಗ ಆ ಶಿಸ್ತಿನ ಮನುಷ್ಯ ತಲೆ ಎತ್ತುತ್ತಿರಲಿಲ್ಲ.

ಒಂದು ದಿನ ಬಸ್ಸು ಬೇವಿನ ಮರ ದಾಟಿ ಹೋಯಿತು. ಮರುದಿನವೂ ನಿಲ್ಲಲಿಲ್ಲ.

"ಗುಳಿಗಿ ಬದಲ ಮಾಡಿ ಕೊಟ್ರೇನು ಚಾಚಾ?" ಎಂದು ಕೇಳಿದೆ.

"ಬಿಟ್ಟೇನಿ" ಎಂದರು. "ತಲಿ ನೋವಿಲ್ಲ, ಏನಿಲ್ಲ. ಸುಮ್ನ ಯಾಕ ತಗೋಬೇಕು? ಮನ್ಯಾಗ ಹೇಳಬ್ಯಾಡ. ಆಕಿ ಡಬ್ಬಿ ತುಂಬಿ ಕೊಡ್ತಾಳ, ನಾ ಖಾಲಿ ಮಾಡಿ ಕಳಸ್ತೇನಿ."

ಡಾಕ್ಟರಿಗೆ ಹೇಳಿದರೆ ಬೇರೆ ಗುಳಿಗೆ ಕೊಡುತ್ತಾರೆ ಎಂದೆ. ನಾಳೆ ಎಂದರು. ಆ ಮಾತು ಅಲ್ಲಿಗೆ ಬಿಟ್ಟೆ. ತಂದೆಯ ವಯಸ್ಸಿನವರು. ಅವರ ಹೆಂಡತಿಯ ಫೋನ್ ನಂಬರ್ ನನ್ನ ಹತ್ತಿರ ಇತ್ತು, ಆದರೂ ಚಾಡಿ ಹೇಳಿದಂತಾಗುತ್ತದೆ ಎಂದು ಬಾಯಿ ಮುಚ್ಚಿಕೊಂಡೆ. ಇಪ್ಪತ್ತು ದಿನ ಮುಚ್ಚಿಕೊಂಡೇ ಇದ್ದೆ.

ತೊಗರಿ ರಾಶಿಯ ಕಾಲ. ಬೆಳಿಗ್ಗೆ ಚಳಿ ಇರುತ್ತಿತ್ತು. ಆ ದಿನ ಐದೂವರೆಗೆ ಡಿಪೋಗೆ ಬಂದಾಗ ಚಾಚಾ ಹಣೆಗೆ ಬಿಗಿಯಾಗಿ ವಸ್ತ್ರ ಕಟ್ಟಿಕೊಂಡು ಬಸ್ಸಿನ ಮೆಟ್ಟಿಲ ಮೇಲೆ ಕೂತಿದ್ದರು. ನಿದ್ದೆ ಆಗಿಲ್ಲ, ಹಿಂದಲೆ ಸಿಡಿಯಾಕತ್ತದ ಎಂದರು. ಚಳಿಗೆ ಇರಬೇಕು ಎಂದು ಅವರೇ ಹೇಳಿಕೊಂಡರು. ಚಳಿಗೇ ಇರಬೇಕು ಎಂದು ನಾನೂ ಒಪ್ಪಿದೆ. ಒಪ್ಪಿದ್ದು ಯಾಕೆಂದರೆ, ಒಪ್ಪದಿದ್ದರೆ ಬೇರೆ ಡ್ರೈವರ್ ಬರುವ ತನಕ ಟ್ರಿಪ್ ತಡವಾಗುತ್ತಿತ್ತು. ಇಂಥವನ್ನು ಬರೆಯದೆ ಹೋದರೆ ಉಳಿದದ್ದನ್ನು ಬರೆದೂ ಪ್ರಯೋಜನವಿಲ್ಲ.

ಹೋಗುವಾಗ ಏನೂ ಆಗಲಿಲ್ಲ. ನೆಲೋಗಿಯಿಂದ ಒಳಗೆ ಹಳ್ಳಿಗೆ ಹೋಗಿ, ಅಲ್ಲಿ ಜನರನ್ನು ತುಂಬಿಕೊಂಡು ತಿರುಗಿದೆವು. ಹೆಂಗಸರಿಗೆ ಪುಕ್ಕಟೆ ಪ್ರಯಾಣ ಬಂದ ಮೇಲೆ ಆ ಮೊದಲ ಟ್ರಿಪ್ಪಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಹಳ್ಳಿಯಲ್ಲಿ ಚಾಚಾ ಚಹಾ ಬೇಡ ಎಂದರು. ಸ್ಟಿಯರಿಂಗಿನ ಮೇಲೆ ಹಣೆ ಇಟ್ಟುಕೊಂಡಿದ್ದರು. ನೆಲೋಗಿಯಲ್ಲಿ ಇನ್ನಷ್ಟು ಜನ ಹತ್ತಿದರು. ಬಸ್ಸು ಒಳರಸ್ತೆ ಬಿಟ್ಟು ಜೇವರ್ಗಿಯ ಹೆದ್ದಾರಿಗೆ ಬಂದಾಗ ಏಳೂವರೆ ಆಗಿರಬೇಕು.

ನಾನು ಹಿಂದಿನ ಬಾಗಿಲ ಹತ್ತಿರ ಟಿಕೆಟ್ ಕೊಡುತ್ತಿದ್ದೆ. ಒಂದು ಉಬ್ಬಿನ ಮೇಲೆ ಬಸ್ಸು ವೇಗ ತಗ್ಗಿಸದೆ ಹಾರಿತು. ಹಿಂದಿನ ಸೀಟಿನವರ ತಲೆ ಮೇಲಿನ ತಗಡಿಗೆ ಬಡಿಯಿತು. "ಏ ಡ್ರೈವರಣ್ಣ!" ಎಂದು ಒಬ್ಬ ಒದರಿದ. ಅಲ್ಲಿ ಉಬ್ಬಿರುವುದು ಚಾಚಾಗೆ ನಿದ್ದೆಯಲ್ಲೂ ಗೊತ್ತಿತ್ತು. ನಾನು ಜನರ ನಡುವೆ ತೂರಿಕೊಂಡು ಮುಂದೆ ಹೋಗತೊಡಗಿದೆ. ಅರ್ಧ ದಾರಿಯಲ್ಲಿದ್ದಾಗ ಬ್ರೇಕ್ ಜೋರಾಗಿ ಬಿತ್ತು. ರಸ್ತೆ ದಾಟುತ್ತಿದ್ದ ಆಡುಗಳ ಹಿಂಡು ಬಸ್ಸಿನ ಮೂತಿಯ ಕೆಳಗೇ ಸರಿದು ಹೋಯಿತು. ಕುರುಬ ಕೋಲೆತ್ತಿ ಬೈಯುತ್ತಿದ್ದ. ಬಸ್ಸು ಮತ್ತೆ ಹೊರಟಿತು.

ನಾನು ಮುಂದೆ ತಲುಪಿ ಅವರ ಪಕ್ಕದ ಕಂಬಿ ಹಿಡಿದೆ.

"ಏನಾತ್ ಚಾಚಾ?"

ಅವರು ತಿರುಗಲಿಲ್ಲ. ಮುಖವನ್ನು ಗಾಜಿಗೆ ಹತ್ತಿರ ತಂದು, ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದರು.

"ಎಷ್ಟು ಮಂಜು ಬಿದ್ದದ ನೋಡು ಬೇಟಿ" ಎಂದರು. "ಜನವರಿದಾಗೂ ಹಿಂಗ ಬಿದ್ದಿದ್ದು ನೋಡಿಲ್ಲ."

ನಾನು ಗಾಜಿನಾಚೆ ನೋಡಿದೆ. ಸೂರ್ಯ ಮೇಲೆ ಬಂದಿದ್ದ. ರಸ್ತೆ ಒರೆಸಿಟ್ಟ ಹಾಗೆ ಸ್ವಚ್ಛವಾಗಿತ್ತು. ದೂರದ ತೊಗರಿ ಹೊಲದಲ್ಲಿ ಕಟಾವು ಮಾಡುವವರ ಸೀರೆಯ ಬಣ್ಣ ಕೂಡ ಕಾಣುತ್ತಿತ್ತು.

ನನ್ನ ಬೆನ್ನ ಹಿಂದೆ ಅರವತ್ತು ಎಪ್ಪತ್ತು ಜನ. ಎದುರಿಗೆ ಅರ್ಧ ಕಿಲೋಮೀಟರ್ ದೂರದಲ್ಲಿ ಹಳ್ಳದ ಸೇತುವೆ, ಅದರ ಮೇಲೆ ನಮ್ಮ ಕಡೆಗೆ ಬರುತ್ತಿರುವ ಕಬ್ಬಿನ ಲಾರಿ.

"ಹೋಲ್ಡಾನ್" ಎಂದೆ.

ಬಸ್ಸು ನಿಲ್ಲಲಿಲ್ಲ.

"ಚಾಚಾ, ಹೋಲ್ಡಾನ್."

"ಇಲ್ಲಿ ಯಾಕ? ಸ್ಟಾಪಿಲ್ಲ ಏನಿಲ್ಲ. ಜೇವರ್ಗಿ ಬಂದೇ ಬಿಡ್ತು. ಮೆಲ್ಲಕ ಒಯ್ತೇನಿ."

ಕೂಗಿದರೆ ಜನ ಎದ್ದು ನುಗ್ಗುತ್ತಾರೆ. ಸ್ಟಿಯರಿಂಗ್ ಹಿಡಿದು ಎಳೆಯುವಷ್ಟು ಹುಚ್ಚು ನನಗಿರಲಿಲ್ಲ. ನಾನು ಎಂಜಿನ್ ಮೇಲಿನ ಮುಚ್ಚಳಕ್ಕೆ ಕೂತು, ಅವರ ಕಿವಿಯ ಹತ್ತಿರ ಬಾಗಿ, ಆದಷ್ಟು ಸಣ್ಣ ದನಿಯಲ್ಲಿ ಹೇಳಿದೆ: "ಚಾಚಾ, ಮಂಜಿಲ್ಲ. ಬಿಸಿಲು ಬಿದ್ದದ. ನಿಮ್ಮ ಕಣ್ಣಿಗೆ ಕಾಣ್ಸವಲ್ಲದು. ನಾ ಹೇಳ್ತೇನಿ, ಹಂಗ ಮಾಡ್ರಿ."

ಅವರ ಕಾಲು ಎಕ್ಸಲರೇಟರ್ ಮೇಲಿಂದ ಎದ್ದಿತು, ಎಂಜಿನ್ ಸದ್ದು ತಗ್ಗಿದ್ದರಿಂದ ತಿಳಿಯಿತು.

"ಬ್ರೇಕ್ ಮೆಲ್ಲಕ. ಇನ್ನಾ ಮೆಲ್ಲಕ. ಎಡಕ್ಕ ಸ್ವಲ್ಪ. ಸಾಕು. ನೆಟ್ಟಗ ಹಿಡೀರಿ. ಲಾರಿ ಬರಾಕತ್ತದ, ಬಲಕ್ಕ ಹೋಗಬ್ಯಾಡ್ರಿ. ನೆಟ್ಟಗ, ನೆಟ್ಟಗ."

ಕಬ್ಬಿನ ಲಾರಿ ಹಾರ್ನ್ ಬಾರಿಸುತ್ತ ಪಕ್ಕಕ್ಕೆ ಉಜ್ಜಿಕೊಂಡಂತೆ ದಾಟಿ ಹೋಯಿತು. ಹೊರಗೆ ಚಾಚಿದ್ದ ಕಬ್ಬಿನ ಸೋಗೆ ನಮ್ಮ ಕಿಟಕಿಗಳ ಮೇಲೆ ಪರಪರ ಎಂದು ಗೀರಿತು. "ಈಗ ಎಡಕ್ಕ. ಮಣ್ಣಿನ ಮ್ಯಾಲ ಇಳಸ್ರಿ. ನಿಲ್ಲಸ್ರಿ." ಎಡಗಾಲಿ ಮಣ್ಣಿಗಿಳಿಯಿತು. ಬಸ್ಸು ವಾಲಿ, ಕುಲುಕಿ, ನಿಂತಿತು. ಸೇತುವೆ ನೂರು ಹೆಜ್ಜೆ ಮುಂದಿತ್ತು.

ಹ್ಯಾಂಡ್ ಬ್ರೇಕ್ ಹಾಕಲು ಚಾಚಾ ಕೈ ಚಾಚಿದರು. ಮೂವತ್ತು ವರ್ಷದಿಂದ ನೋಡದೆ ಹಿಡಿಯುತ್ತಿದ್ದ ಹಿಡಿಕೆ ಅವರ ಕೈಗೆ ಸಿಗಲಿಲ್ಲ. ಗಾಳಿಯಲ್ಲಿ ತಡಕಾಡಿದರು. ನಾನೇ ಎಳೆದೆ. ಚಾವಿ ತಿರುಗಿಸಿ ನನ್ನ ಜೇಬಿಗೆ ಹಾಕಿಕೊಂಡೆ.

ಅವರನ್ನು ಇಳಿಸಿದ ಕೂಡಲೇ ರಸ್ತೆ ಬದಿಗೆ ವಾಂತಿ ಮಾಡಿಕೊಂಡರು. ಆಮೇಲೆ ಬಾಯಿ ಒರೆಸಿಕೊಂಡು, ಏನೂ ಆಗಿಲ್ಲ ಎಂಬಂತೆ ಮತ್ತೆ ಬಾಗಿಲ ಕಡೆ ನಡೆದರು. "ಪಿತ್ತ ಆಗಿತ್ತು, ಹೋಯ್ತು. ಚಾವಿ ಕೊಡು, ಹೊತ್ತಾಗ್ತದ."

"ಕೊಡಂಗಿಲ್ಲ."

"ಬೇಟಿ, ಚಾವಿ ಕೊಡು."

"ಕೊಡಂಗಿಲ್ಲ ಚಾಚಾ. ಕೂಡ್ರಿ."

ಎರಡು ವರ್ಷದಲ್ಲಿ ನಾನು ಅವರಿಗೆ ದನಿ ಏರಿಸಿದ್ದು ಅದೇ ಮೊದಲು. ಅವರು ನನ್ನನ್ನು ನೋಡಿದರು, ಅಂದರೆ ನನ್ನ ಮುಖ ಇರಬೇಕಾದ ಜಾಗವನ್ನು ನೋಡಿದರು. ಕಲ್ಲಿನ ಮೇಲೆ ಕೂತು, ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: "ಇದು ಯಾವ ಟ್ರಿಪ್ಪು? ಅಫಜಲಪುರಕ್ಕ ಹೊಂಟೇವೇನು?"

ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ತಲೆನೋವು, ಕಣ್ಣು ಮಸುಕು. ಈಗ ತಾನೆಲ್ಲಿದ್ದೇನೆ ಎಂಬುದೂ ತಿಳಿಯುತ್ತಿಲ್ಲ. ಶಿಬಿರದ ನರ್ಸಿನ ಮಾತು ಒಂದೊಂದೇ ಕಿವಿಯಲ್ಲಿ ಬಿದ್ದ ಹಾಗಾಯಿತು. ಆಂಬುಲೆನ್ಸಿಗೆ ಫೋನ್ ಮಾಡಿದೆ.

ಅತ್ತ ಕಡೆಯ ಹೆಣ್ಣುಮಗಳು ಸಮಾಧಾನವಾಗಿ ಕೇಳುತ್ತ ಹೋದಳು. ಎಚ್ಚರ ಇದ್ದಾರಾ? ಮುಖ ಒಂದು ಕಡೆ ಸೊಟ್ಟಗಾಗಿದೆಯಾ? ಎರಡೂ ಕೈ ಎತ್ತಲು ಹೇಳಿ, ಎತ್ತುತ್ತಾರಾ? ಎದೆನೋವು ಇದೆಯಾ? ಉಸಿರಾಟ ಸರಿ ಇದೆಯಾ? ನಾನು ಒಂದೊಂದನ್ನೂ ಚಾಚಾರಿಂದ ಮಾಡಿಸಿ ಉತ್ತರ ಹೇಳಿದೆ. ಕೈ ಎರಡೂ ಎದ್ದವು. ಮುಖ ಸರಿಯಿತ್ತು.

"ಬಿ.ಪಿ. ಇದೆಯಾ? ಗುಳಿಗೆ ತೊಗೋತಾರಾ?"

ಸ್ಪೀಕರ್ ಹಾಕಿದ್ದರಿಂದ ಚಾಚಾ ಆ ಪ್ರಶ್ನೆ ಕೇಳಿಸಿಕೊಂಡರು. ಕೈಯಾಡಿಸಿ ಬೇಡ ಎಂದರು. ಮಸುಕಾದ ಕಣ್ಣಿನಲ್ಲೂ ಆ ಬೇಡಿಕೆ ಇತ್ತು. ಈ ಮಾತು ಒಂದು ಕಾಗದದ ಮೇಲೆ ಬಿದ್ದರೆ ಆಮೇಲೆ ತನಗೆ ಸ್ಟಿಯರಿಂಗ್ ಕೊಡುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

"ಅದ್ರಿ" ಎಂದೆ. "ಗುಳಿಗಿ ಬಿಟ್ಟು ಇಪ್ಪತ್ತು ದಿನ ಆತ್ರಿ."

ಚಾಚಾ ತಲೆ ತಗ್ಗಿಸಿದರು.

ಗಾಡಿ ಜೇವರ್ಗಿಯಿಂದ ಹೊರಡುತ್ತದೆ, ಬರುವ ತನಕ ಅವರನ್ನು ಒರಗಿಸಿ ಕೂಡಿಸಿ, ತಲೆ ಎತ್ತರದಲ್ಲಿರಲಿ, ನಡೆದಾಡಿಸಬೇಡಿ, ಬಾಯಿಗೆ ಏನೂ ಹಾಕಬೇಡಿ ಎಂದು ಆಕೆ ಹೇಳಿದಳು. ಆ ಕೊನೆಯ ಮಾತು ಹೇಳಿದ್ದು ಒಳ್ಳೆಯದಾಯಿತು. ಏಕೆಂದರೆ ಅಷ್ಟರಲ್ಲಿ ಬಸ್ಸಿನಲ್ಲಿದ್ದವರೆಲ್ಲ ಕೆಳಗಿಳಿದು ಸುತ್ತ ನೆರೆದಿದ್ದರು, ಎಲ್ಲರ ಕೈಯಲ್ಲೂ ಒಂದೊಂದು ಔಷಧ. ಒಬ್ಬ ಈರುಳ್ಳಿ ಮೂಸಿಸಲು ಬಂದ. ಧೋತರದ ಮುದುಕರೊಬ್ಬರು ಕಿಸೆಯಿಂದ ಗುಳಿಗೆಯ ಪಟ್ಟಿ ತೆಗೆದರು.

"ತಂಗಿ, ನಂದೂ ಬಿ.ಪಿ.ನೇ. ನಮ್ಮ ಡಾಕ್ಟರ್ ಕೊಟ್ಟಿದ್ದು, ಭಾಳ ಚಲೋ ಗುಳಿಗಿ. ಎರಡು ನಾಲಿಗಿ ಕೆಳಗ ಇಡು, ಸರ್ರ್ ಅಂತ ಇಳೀತದ."

"ಬ್ಯಾಡ್ರಿ ಅಜ್ಜಾರ. ಏನೂ ಕೊಡಬ್ಯಾಡ ಅಂದಾರ."

"ಅವರೇನು ಇಲ್ಲಿ ಬಂದು ನೋಡ್ಯಾರೇನು? ಮನುಷ್ಯಾ ಸಾಯಾಕತ್ತಾನ, ನೀ ಕಾಯ್ದೆ ಕಾನೂನು ಮಾತಾಡ್ತಿ!"

ಮುದುಕರ ಕಣ್ಣಲ್ಲಿ ನೀರಿತ್ತು. ಅವರದು ದುಷ್ಟತನವಲ್ಲ, ಕನಿಕರ. ಆ ಕನಿಕರಕ್ಕೆ ಎದುರು ನಿಲ್ಲುವುದು ಕಷ್ಟವಾಗಿತ್ತು. ಜನ ಅವರ ಪರ ಮಾತಾಡತೊಡಗಿದರು. ಒಂದು ಕ್ಷಣ ನನಗೂ ಅನ್ನಿಸಿತು, ಕೊಟ್ಟುಬಿಡಲೇ? ಕೊಡದೆ ಏನಾದರೂ ಆದರೆ ಇವರೆಲ್ಲರೂ ಸಾಕ್ಷಿ. ನಾನು ಚಾಚಾರ ಮುಂದೆ ಅಡ್ಡ ಕೂತೆ. ತರಕಾರಿ ಬುಟ್ಟಿಯ ಹೆಂಗಸೊಬ್ಬಳು ಬಂದು ಅವರ ಬೆನ್ನ ಹಿಂದೆ ತನ್ನ ಗಂಟು ಇಟ್ಟು ಒರಗಿಸಿದಳು, ಸೆರಗಿನಿಂದ ಬಿಸಿಲಿಗೆ ಮರೆ ಮಾಡಿದಳು. "ಆಕಿ ಹೇಳಿದ್ದು ಕೇಳ್ರಿ" ಎಂದು ಜನರಿಗೆ ಗದರಿದವಳೂ ಅವಳೇ.

ಇನ್ನೊಬ್ಬ, ಲಾರಿ ಓಡಿಸುವವನು, ಮುಂದೆ ಬಂದ. "ಅಕ್ಕಾ, ಚಾವಿ ಕೊಡ್ರಿ. ನನ್ನ ಬಲ್ಲಿ ಲೈಸನ್ಸ್ ಅದ. ಹದಿನೈದು ನಿಮಿಷದಾಗ ದವಾಖಾನಿ ಮುಂದ ನಿಲ್ಲಸ್ತೇನಿ."

ಅವನ ಮಾತಿನಲ್ಲಿ ಅರ್ಥವಿತ್ತು. ಆದರೆ ಆಂಬುಲೆನ್ಸ್ ಹೊರಟಾಗಿತ್ತು. ದಾರಿಯಲ್ಲಿ ಚಾಚಾಗೆ ಫಿಟ್ಸ್ ಬಂದರೆ ಈ ಜನಜಂಗುಳಿಯ ಬಸ್ಸಿನಲ್ಲಿ ನಾನೇನು ಮಾಡಲಿ? ನನ್ನ ಗಾಡಿಯನ್ನು ಗುರುತಿಲ್ಲದವರ ಕೈಗೆ ಕೊಡುವ ಅಧಿಕಾರವೂ ನನಗಿರಲಿಲ್ಲ. ಬೇಡ ಎಂದೆ. ಅವನು ಸಿಟ್ಟಾಗಲಿಲ್ಲ. "ಹಂಗಾದ್ರ ನಾ ರಸ್ತೆ ಮ್ಯಾಲ ನಿಂತು ಆಂಬುಲೆನ್ಸಿಗಿ ಕೈ ಮಾಡ್ತೇನಿ" ಎಂದು ಸೇತುವೆಯ ಕಡೆ ಓಡಿದ.

ಡಿಪೋಗೆ ಫೋನ್ ಮಾಡಬೇಕಿತ್ತು. ನಂಬರ್ ಒತ್ತುವಾಗ ಚಾಚಾ ನನ್ನ ತೋಳು ಹಿಡಿದರು. ಹಿಡಿತದಲ್ಲಿ ಬಲವಿರಲಿಲ್ಲ. "ಗಾಡಿ ಬ್ರೇಕ್‌ಡೌನ್ ಅಂತ ಹೇಳು" ಎಂದರು. "ರಿಟೈರ್ ಆಗಾಕ ನಾಕು ವರ್ಷ ಉಳದದ ಬೇಟಿ. ನಾಕೇ ವರ್ಷ."

"ಗಾಡಿ ನಿಂತದ್ರಿ, ಬೇರೆ ಡ್ರೈವರ್ ಕಳಸ್ರಿ" ಎಂದೆ ಫೋನಿನಲ್ಲಿ.

"ಏನಾಗ್ಯದ ಗಾಡಿಗೆ?"

ಅತ್ತಲಿಂದ ಎರಡು ಸಲ ಹಲೋ ಎಂದರು. "ಗಾಡಿಗಿ ಏನೂ ಆಗಿಲ್ರಿ. ಡ್ರೈವರಿಗಿ ಆಗ್ಯದ. ಕಣ್ಣು ಕಾಣ್ಸವಲ್ಲವು" ಎಂದೆ. ತೋಳಿನ ಮೇಲಿನ ಕೈ ತಾನಾಗಿ ಜಾರಿತು.

ವಿಜಯಪುರ ಕಡೆಯಿಂದ ಬಂದ ಇನ್ನೊಂದು ಬಸ್ಸಿಗೆ ಪ್ರಯಾಣಿಕರನ್ನು ಹತ್ತಿಸಿದೆ. ಧೋತರದ ಮುದುಕರು ಹತ್ತುವ ಮುಂಚೆ ಚಾಚಾರ ಹಣೆ ಮುಟ್ಟಿ ಹೋದರು. ಆಂಬುಲೆನ್ಸ್ ಬಂದಾಗ ಲಾರಿಯವನು ಅದರ ಪಕ್ಕದಲ್ಲೇ ಓಡಿ ಬಂದ. ಡಿಪೋದವರು ಬರುವ ತನಕ ಬಸ್ಸು ಕಾಯಲು ಅವನೇ ನಿಂತ. ನಾನು ಬಾಗಿಲಿಗೆ ಬೀಗ ಹಾಕಿ, ಟಿಕೆಟ್ ಮಷೀನ್ ಕೊರಳಲ್ಲಿ ಹಾಕಿಕೊಂಡೇ ಆಂಬುಲೆನ್ಸ್ ಹತ್ತಿದೆ.

ದಾರಿಯಲ್ಲಿ ಚಾಚಾರ ಕಿಸೆಯ ಫೋನ್ ರಿಂಗಾಯಿತು. ಎಂಟೂವರೆ. ದಿನಾ ಎಂಟೂವರೆಗೆ ಅವರ ಹೆಂಡತಿ ಫೋನ್ ಮಾಡುತ್ತಿದ್ದರು. ನಾನೇ ತೆಗೆದೆ.

"ನಾಷ್ಟಾ ಹುವಾ?" ಎಂದು ತಿಂಡಿ ವಿಚಾರಿಸಿತು ಆ ದನಿ.

"ಚಾಚಿ, ನಾನ್ರೀ, ಕಂಡಕ್ಟರ್" ಎಂದೆ. ಆಮೇಲೆ ಹೇಗೆ ಹೇಳಿದೆನೋ ನೆನಪಿಲ್ಲ. ಅವರು ಅಳಲಿಲ್ಲ. "ಗುಳಿಗಿ ದಿನಾ ತಗೋಳ್ಳಾಕತ್ತಾರಲ್ಲ" ಎಂದರು. "ಡಬ್ಬಿ ಖಾಲಿ ಆಗಿ ಬರ್ತದ. ನಾನೇ ತುಂಬಿ ಕೊಡ್ತೇನಿ. ಮತ್ತ ಹ್ಯಾಂಗ ಆಯ್ತಿದು?"

ಆಂಬುಲೆನ್ಸಿನ ಸಿಬ್ಬಂದಿ ಪಟ್ಟಿ ಬಿಗಿಯುತ್ತಿದ್ದರು. ಚಾಚಾ ಕಣ್ಣು ಮುಚ್ಚಿ ಮಲಗಿದ್ದರು, ಆದರೆ ಕೇಳುತ್ತಿದ್ದರು.

"ತಗೋಳ್ತಿರಲಿಲ್ರಿ ಚಾಚಿ. ನಂಗ ಗೊತ್ತಿತ್ತು" ಎಂದೆ.

"ಬರ್ತೇನಿ" ಎಂದು ಫೋನ್ ಇಟ್ಟರು.

ಜೇವರ್ಗಿಯ ದವಾಖಾನೆಯಲ್ಲಿ ಎಡತೋಳಿಗೆ ಬಿ.ಪಿ. ನೋಡಿದರು, ಬಲತೋಳಿಗೆ ನೋಡಿದರು. ನರ್ಸ್ ಅಂಕಿ ಬಾಯಿಬಿಟ್ಟು ಹೇಳದೆ ಡಾಕ್ಟರನ್ನು ಕರೆಯಲು ಓಡಿದಳು. ಮಷೀನಿನಲ್ಲಿ ಇನ್ನೂರ ಮೂವತ್ತಾರು, ನೂರ ಮೂವತ್ತನಾಲ್ಕು ಎಂದಿತ್ತು. ಡಾಕ್ಟರ್ ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಣ್ಣಿಗೆ ಬೆಳಕು ಬಿಟ್ಟು ಬಗ್ಗಿ ನೋಡಿದರು, ಎದೆಗೆ ತಂತಿ ಹಚ್ಚಿಸಿ ಇ.ಸಿ.ಜಿ. ತೆಗೆಸಿದರು, ಕೈಕಾಲು ಒತ್ತಿಸಿ ನೋಡಿದರು, ರಕ್ತ ತೆಗೆಸಿದರು, ನರಕ್ಕೆ ಔಷಧ ಶುರು ಮಾಡಿದರು. ಒಂದು ಕೆಲಸಕ್ಕೂ ಇನ್ನೊಂದಕ್ಕೂ ನಡುವೆ ಬಿಡುವಿರಲಿಲ್ಲ.

"ಬಾಯಿಗೆ ಏನಾದರೂ ಕೊಟ್ರೇನು?"

ಇಲ್ಲ ಎಂದೆ. ಒಬ್ಬರು ಎರಡು ಗುಳಿಗೆ ಕೊಡಬೇಕೆಂದಿದ್ದರು ಎಂದೂ ಹೇಳಿದೆ.

"ಕೊಡದೆ ಇದ್ದದ್ದು ಚಲೋ ಆತು" ಎಂದರು. "ಇಷ್ಟು ಮೇಲಿದ್ದದ್ದು ಒಮ್ಮೆಲೇ ಕೆಳಗ ಬಿದ್ರ ಮಿದುಳಿಗೆ ರಕ್ತನೇ ಸಾಲಂಗಿಲ್ಲ. ಸ್ವಲ್ಪ ಸ್ವಲ್ಪ ಇಳಸಬೇಕು, ತಾಸು ತಾಸಿಗೆ ನೋಡಿಕೋತ."

ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತಿದ್ದಾಗ ನಾನು ಶಿಬಿರದ ವಿಷಯ ಹೇಳಿದೆ. ಆವತ್ತೂ ನೂರ ಎಂಬತ್ತಾರು ಇತ್ತು, ಮನೆಗೆ ಕಳಿಸಿದ್ದರು, ಆವತ್ತೇ ಅಡ್ಮಿಟ್ ಮಾಡಬೇಕಿತ್ತೇ ಎಂದು ಕೇಳಿದೆ. ಅವರು ಬರೆಯುವುದು ನಿಲ್ಲಿಸಿ ನನ್ನನ್ನು ನೋಡಿದರು. "ಆವತ್ತು ಅವರಿಗೆ ಬೇರೆ ತ್ರಾಸೇನೂ ಇರಲಿಲ್ಲ. ಕೂಡಿಸಿ ಮತ್ತ ನೋಡ್ಯಾರ, ಅದೇ ದಿನ ಗುಳಿಗಿ ಶುರುವಾಗ್ಯದ. ಅದು ಸರಿನೇ. ಇವತ್ತಿನ ಮಾತು ಬೇರೆ. ಕಣ್ಣು ಹೋಗ್ಯದ, ಬುದ್ಧಿ ತಿಳಿವಲ್ಲದು. ಅಂದ್ರ ಒಳಗ ಧಕ್ಕಿ ಶುರುವಾಗ್ಯದ. ಇನ್ನೊಂದು ತಾಸು ತಡ ಮಾಡಿದ್ರ ಏನಾಗ್ತಿತ್ತು ನಾ ಹೇಳಲಾರೆ."

ಇನ್ನೊಂದು ತಾಸು ಎಂದರೆ ಜೇವರ್ಗಿಗೆ ಹೋಗಿ, ಲೆಕ್ಕ ಒಪ್ಪಿಸಿ, ಚಹಾ ಕುಡಿದು, ಎರಡನೇ ಟ್ರಿಪ್ಪಿಗೆ ಹೊರಡುವ ಹೊತ್ತು. ಬೆಂಚಿನ ಮೇಲೆ ಕೂತೆ. ನರ್ಸ್ ಬಂದು ನನಗೂ ಪಟ್ಟಿ ಸುತ್ತಬೇಕೇ ಎಂದು ಕೇಳಿದಳು.

ಕಲಬುರಗಿಯಲ್ಲಿ ಎರಡು ದಿನ ಅವರನ್ನು ತೀವ್ರ ನಿಗಾ ಘಟಕದಲ್ಲಿ ಇಟ್ಟರು. ತಲೆಯ ಸ್ಕ್ಯಾನಿನಲ್ಲಿ ರಕ್ತಸ್ರಾವ ಕಾಣಲಿಲ್ಲ. ಕಣ್ಣಿನ ಪರದೆಯಲ್ಲಿ ಮಾತ್ರ ಕಲೆಗಳಿದ್ದವು. ಕಿಡ್ನಿಗೂ ಸ್ವಲ್ಪ ಪೆಟ್ಟು ಬಿದ್ದಿತ್ತು. ಮೊದಲ ದಿನ ಗಾಜಿನ ಬಾಗಿಲ ಹೊರಗೆ ಚಾಚಿ ಮತ್ತು ನಾನು ಪಕ್ಕ ಪಕ್ಕ ಕೂತಿದ್ದೆವು. ಅವರು ನನ್ನ ಜೊತೆ ಮಾತಾಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚಿ ಜೋಳದ ರೊಟ್ಟಿ ಮುರಿದು ಅರ್ಧ ನನ್ನ ಕೈಗೆ ಇಟ್ಟರು, ಅಷ್ಟೇ. ಸಂಜೆ ಡಾಕ್ಟರ್ ಹೊರಗೆ ಬಂದು, ಮಂದಿಯ ಗುರುತು ಹಿಡಿಯುತ್ತಿದ್ದಾರೆ, ಒಬ್ಬರು ಒಳಗೆ ಹೋಗಬಹುದು ಎಂದರು. ಚಾಚಿ ಎದ್ದರು. ಒಂದು ಹೆಜ್ಜೆ ಇಟ್ಟು ನಿಂತು, ನನ್ನ ಕಡೆ ನೋಡದೆ ಹೇಳಿದರು: "ಮೊದಲೇ ಹೇಳಬೇಕಿತ್ತು ನೀ."

ಕೆಲವು ವಾರಗಳಲ್ಲಿ ಎಡಗಣ್ಣು ಪೂರ್ತಿ ತಿಳಿಯಾಯಿತು. ಬಲಗಣ್ಣಿನಲ್ಲಿ ಒಂದು ಮೂಲೆ ಮಸುಕಾಗಿಯೇ ಉಳಿಯಿತು. ಹೊಸ ಗುಳಿಗೆಗಳು ಬಂದವು, ಅವುಗಳಿಂದ ಮೊದಲಿನ ತೊಂದರೆ ಇರಲಿಲ್ಲ. ಡಾಕ್ಟರಿಗೆ ಬಾಯಿಬಿಟ್ಟು ಹೇಳಿದ್ದರೆ ಮೊದಲೇ ಸಿಗುತ್ತಿದ್ದವು. ಚಾಚಾಗೆ ಮತ್ತೆ ಸ್ಟಿಯರಿಂಗ್ ಸಿಗಲಿಲ್ಲ. ಡಿಪೋದಲ್ಲಿ ಕೂತು ಮಾಡುವ ಕೆಲಸ ಕೊಟ್ಟರು, ಗಾಡಿಗಳು ಹೊರಗೆ ಹೋಗುವ, ಒಳಗೆ ಬರುವ ಹೊತ್ತು ಬರೆದುಕೊಳ್ಳುವ ಕೆಲಸ. ದಿನಾ ಬೆಳಿಗ್ಗೆ ನಾನು ಬೇರೆ ಡ್ರೈವರಿನ ಜೊತೆ ಹೊರಡುವಾಗ ಅವರು ಗೇಟಿನ ಕಿಟಕಿಯಲ್ಲಿ ತಲೆ ಬಗ್ಗಿಸಿ ಬರೆಯುತ್ತಿದ್ದರು. "ಗಾಡಿ ನಂಬರ್ ಹೇಳ್ರಿ ಮೇಡಂ" ಎನ್ನುತ್ತಿದ್ದರು. ನಂಬರ್ ಅವರಿಗೆ ಬಾಯಿಪಾಠ ಇತ್ತು.

ಒಂದೂವರೆ ವರ್ಷ ಹಾಗೆಯೇ ಕಳೆಯಿತು. ಆಮೇಲೆ ನನಗೆ ಆಳಂದಕ್ಕೆ ವಾಪಸು ವರ್ಗವಾಯಿತು.

ಹೋದ ಬೇಸಿಗೆಯಲ್ಲಿ ಆಳಂದ ನಿಲ್ದಾಣದಲ್ಲಿ ಭೂಸನೂರ ಬಸ್ಸಿಗೆ ಜನ ಹತ್ತಿಸುತ್ತಿದ್ದಾಗ ಬಿಳಿ ಪೈಜಾಮದ ಒಬ್ಬರು ಕಂಬಿ ಹಿಡಿದು ನಿಧಾನ ಹತ್ತಿದರು. ಖಾಕಿ ಇಲ್ಲದ್ದಕ್ಕೆ ತಕ್ಷಣ ಗುರುತಾಗಲಿಲ್ಲ. ಭೂಸನೂರಿನಲ್ಲಿ ಅವರ ಮಗಳ ಮನೆ. ಮೊಮ್ಮಗಳಿಗೆ ಹಣ್ಣು ಒಯ್ಯುತ್ತಿದ್ದರು. ಡ್ರೈವರ್ ಹಿಂದಿನ ಸೀಟಿನಲ್ಲಿ ಕಿಟಕಿಗೆ ಕೂತರು. ದಾರಿಯುದ್ದಕ್ಕೂ ಎದುರಿಗೆ ಟ್ರ್ಯಾಕ್ಟರ್ ಬಂದಾಗಲೆಲ್ಲ ಅವರ ಬಲಗಾಲು ಬಸ್ಸಿನ ತಗಡನ್ನು ಒತ್ತುತ್ತಿತ್ತು. ಅದು ಅವರಿಗೆ ತಿಳಿಯುತ್ತಿರಲಿಲ್ಲ.

ಟಿಕೆಟ್ ಎಲ್ಲ ಮುಗಿದ ಮೇಲೆ ಪಕ್ಕ ಹೋಗಿ ನಿಂತೆ. "ಬಿ.ಪಿ. ಹ್ಯಾಂಗದ ಚಾಚಾ?"

"ನೂರ ಮೂವತ್ತರ ಆಸುಪಾಸು. ಮನ್ಯಾಗೇ ಮಷೀನ್ ತಂದಾರ. ಆಕಿನೇ ನೋಡ್ತಾಳ, ಆಕಿನೇ ಬರದಿಡ್ತಾಳ." ಸ್ವಲ್ಪ ಹೊತ್ತು ಹೊರಗೆ ಕಬ್ಬಿನ ಗದ್ದೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ಅವತ್ತು ನೀ ಮಾಡಿದ್ದು ಖರೇ ಅದ. ಗಾಡಿ ತುಂಬ ಮಂದಿ ಇದ್ರು. ದಿನಾ ನೆನಸ್ತೇನಿ. ಆದ್ರ ನಂಗ ಇನ್ನಾ ಸಿಟ್ಟು ಹೋಗಿಲ್ಲ. ಸುಳ್ಳು ಯಾಕ ಹೇಳ್ಲಿ?"

"ಇರಲಿ ಬಿಡ್ರಿ ಚಾಚಾ" ಎಂದೆ. "ಸಿಟ್ಟು ಮಾಡಾಕ ನೀವು ಇದ್ದೀರಲ್ಲ."

ಅವರು ನಗಲಿಲ್ಲ, ಮುಖ ತಿರುಗಿಸಲೂ ಇಲ್ಲ. ಸೀಟಿನ ಮೇಲಿದ್ದ ಚೀಲ ತೊಡೆಯ ಮೇಲೆ ಎತ್ತಿಟ್ಟುಕೊಂಡು ಜಾಗ ಮಾಡಿದರು. ಭೂಸನೂರು ಬರಲು ಇನ್ನೂ ಹೊತ್ತಿತ್ತು. ನಾನು ಕೂತೆ.